ಬೆಲ್ಲದ ಗಾರೆ

೨೦ ಜನವರಿ ೨೦೨೪, ಶನಿವಾರ

ಜರ್ಮನಿಗೆ ಬಂದು ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಗೋಡೆಗೆ ಬೈದದ್ದು. ಫರ್ಹಾನಾಳ ಬಾಡಿಗೆ ಮನೆಯ ಗೋಡೆ. ಸಿಮೆಂಟು, ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣ. ಬೆರಳಿಟ್ಟರೆ ಸತ್ತ ಮೀನಿನ ಹಾಗೆ ತಣ್ಣಗಿದೆ. ಗೋಡೆ ಉಸಿರಾಡಬೇಕು ಎಂದು ಈ ದೇಶದವರಿಗೆ ಯಾರೂ ಹೇಳಿಕೊಟ್ಟಿಲ್ಲ. ರಶೀದ್ ಮೇಸ್ತ್ರಿ ಬಂದಿದ್ದಾನೆ, ಇನ್ನು ಕಲಿಯುತ್ತಾರೆ.

ಈ ಹೊಲ್ಟ್‌ವಾರ್ಡೆನ್ ಎಂಬ ಸಮುದ್ರದಂಚಿನ ಊರಿನಲ್ಲಿ ತಂಗಿಯ ಮಗಳು ಫರ್ಹಾನಾಳನ್ನು ಬಿಟ್ಟರೆ ನನ್ನ ಮಾತು ತಿಳಿಯುವ ಇನ್ನೊಂದು ಪ್ರಾಣಿಯಿಲ್ಲ. ಅವಳು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಅದಕ್ಕೇ ಈ ನೋಟ್‌ಬುಕ್ಕು. ಬರೆಯುವುದು ಬಲಗೈಯಲ್ಲಿ, ಕೆಲಸ ಮಾಡುವುದು ಎಡಗೈಯಲ್ಲಿ. ರವಿಶಂಕರ ಮೇಷ್ಟ್ರು ಏಳನೇ ಕ್ಲಾಸಿನವರೆಗೆ ಎಡಗೈ ಗೆಣ್ಣಿಗೆ ಹೊಡೆದು ಹೊಡೆದು ಅಕ್ಷರವನ್ನು ಬಲಗೈಗೆ ದಾಟಿಸಿದರು. ಗಾರೆ ಹಚ್ಚುವ ಕರಣೆಯನ್ನು ದಾಟಿಸಲು ಅವರಿಂದ ಆಗಲಿಲ್ಲ.

ತಂಗಿ ಶಹರ್ ಬಾನು ಅಕ್ಟೋಬರಿನಲ್ಲಿ ತೀರಿಹೋದಳು. ಮಗಳು ಮಣ್ಣಿಗೆ ಬರಲಿಲ್ಲ. ಕೆಲಸಕ್ಕೆ ಸೇರಿ ಹನ್ನೊಂದೇ ದಿನವಾಗಿತ್ತಂತೆ. "ರಜೆ ಕೊಡ್ತಿದ್ರೋ ಏನೋ ಮಾಮು. ನಾನೇ ಕೇಳ್ಲಿಲ್ಲ" ಎಂದಳು. ತೊಂಬತ್ತು ದಿನದ ವೀಸಾ ಹಾಕಿಸಿಕೊಂಡು, ತಂಗಿಯ ಶಾಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಬಂದಿದ್ದೇನೆ. ಕವರನ್ನು ಅವಳು ಬಿಚ್ಚಲಿಲ್ಲ, ಹಾಗೇ ಬೀರುವಿನಲ್ಲಿಟ್ಟಳು. ಎರಡು ಅಚ್ಚು ಬೆಲ್ಲವನ್ನೂ ನನ್ನ ಹೊಟ್ಟೆಗೆಂದು ತಂದ ಅಳಲೆಕಾಯಿ ಪುಡಿಯನ್ನೂ ಅಡುಗೆಮನೆಯಲ್ಲಿಟ್ಟಳು.

೨೮ ಜನವರಿ, ಭಾನುವಾರ

ಇವತ್ತು ಅವಳು ಕೆಲಸ ಮಾಡುವ ಚರ್ಚು ತೋರಿಸಿದಳು. ಹಳೆಯ ಗೋಡೆ, ಹಳೆಯ ಗಾರೆಯನ್ನು ಉಳಿಸುವುದು ಅವಳ ಉದ್ಯೋಗ. ಡ್ರೆಸ್ಡೆನ್‌ನಲ್ಲಿ ಮೂರು ವರ್ಷ ಅದನ್ನೇ ಓದಿದಳಂತೆ. ನಮ್ಮಪ್ಪ ಗಾರೆ ಮೆಹಬೂಬ್ ಸಾಬರು ಅದನ್ನು ಮೂರು ತಿಂಗಳಲ್ಲಿ ಕಲಿಸುತ್ತಿದ್ದರು. ಹೇಳಿದೆ. ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಇದೇ ಮೊದಲು.

ಇದು ರಿಫಾರ್ಮ್ಡ್ ಪಂಥದವರ ಚರ್ಚು. ಒಳಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಶಿಲುಬೆಯಿಲ್ಲ, ವಿಗ್ರಹವಿಲ್ಲ, ಮೇಣದ ಬತ್ತಿಯೂ ಇಲ್ಲ. ಬಿಳಿ ಗೋಡೆ, ಒಂದು ಮೇಜು, ಅದರ ಮೇಲೆ ತೆರೆದ ಪುಸ್ತಕ.

"ಏನೇ ಇದು, ನಮ್ಮ ಮಸೀದಿ ಇದ್ದ ಹಾಗಿದೆ! ಬೆಂಚು ತೆಗೆದು ಚಾಪೆ ಹಾಕಿದ್ರೆ ಮುಗೀತು."

"ಮೆಲ್ಲಗೆ ಮಾಮು. ಪಾಸ್ಟರ್ ಇದಾರೆ."

"ಅವರಿಗೆ ಕನ್ನಡ ಬರುತ್ತಾ?"

"ನಿಮ್ಮ ವಾಲ್ಯೂಮ್ ಅರ್ಥ ಆಗುತ್ತೆ."

ಮನೆಮಾತು ಉರ್ದುವಾದರೂ ಜಗಳ, ತಮಾಷೆ ಎರಡೂ ನಮಗೆ ಕನ್ನಡದಲ್ಲೇ ಬರುವುದು.

ಚರ್ಚನ್ನು ನೋಡಿಕೊಳ್ಳುವ ಮುದುಕನ ಹೆಸರು ಫೋಲ್ಕರ್ಟ್ಸ್. ನನಗಿಂತ ಎರಡು ವರ್ಷ ದೊಡ್ಡವನು, ಎಪ್ಪತ್ತೊಂದು. ದಿನಾ ಗೋಪುರ ಹತ್ತಿ ಗಡಿಯಾರಕ್ಕೆ ಕೀಲಿ ಕೊಡುತ್ತಾನೆ. ಅವನ ಫೋನಿನಲ್ಲಿ ಒಂದು ಹೆಂಗಸಿದ್ದಾಳೆ, ಅವನು ಜರ್ಮನ್‌ನಲ್ಲಿ ಗೊಣಗಿದ್ದನ್ನು ಅವಳು ಕನ್ನಡದಲ್ಲಿ ಹೇಳುತ್ತಾಳೆ. ನಾನು ಕಟ್ಟಿದ ಮೂರು ಮಸೀದಿ, ಹನ್ನೊಂದು ದೇವಸ್ಥಾನ, ಒಂದು ಕಲ್ಯಾಣ ಮಂಟಪದ ಪಟ್ಟಿ ಒಪ್ಪಿಸಿದೆ. ನಮ್ಮೂರ ಗೆಳೆಯ ಮುನಿಸ್ವಾಮಿಯ ಅಳಿಯನಿಗೆ ಕಟ್ಟಿದ ಕೋಳಿಮನೆಯ ಸುದ್ದಿ ಎತ್ತಲಿಲ್ಲ. ನಮ್ಮ ಕಡೆ ಕಟ್ಟಡ ಮುಗಿದಾಗ ಹಸಿ ಗಾರೆಯಲ್ಲಿ ಬಾಗಿಲ ಮೇಲೆ ಹೆಸರು ಬರೆಯುತ್ತೇವೆ, "ಮೇಸ್ತ್ರಿ ರಶೀದ್ ಬಿನ್ ಮೆಹಬೂಬ್ ಸಾಬ್" ಎಂದು, ಅದನ್ನೂ ಹೇಳಿದೆ. ಹೋಗುವುದರೊಳಗೆ ಈ ಚರ್ಚಿನಲ್ಲೂ ನನ್ನ ಹೆಸರು ಬರೆಸಿಯೇ ಹೋಗುತ್ತೇನೆ ಎಂದೆ. ಫೋನಿನ ಹೆಂಗಸು ಅದನ್ನು ಏನೆಂದು ಹೇಳಿದಳೋ, ಮುದುಕ ನನ್ನ ಕೈ ಹಿಡಿದು ಕುಲುಕಿದ.

೩ ಫೆಬ್ರವರಿ, ಶನಿವಾರ

ಮಳೆಗೆ ಹೊರಗೆ ಹೋಗುವಂತಿರಲಿಲ್ಲ. ಫರ್ಹಾನಾ ತನ್ನ ಫೈಲು ತೆಗೆದು ಚರ್ಚಿನ ಕಥೆ ಓದಿ ಹೇಳಿದಳು.

ಇದು ಮೊದಲು ಚರ್ಚೇ ಅಲ್ಲ, ಮಠ. ಮಠವೆಂದರೆ ಸ್ವಾಮಿಗಳೂ ದಾಸೋಹವೂ ಇರಬೇಕಲ್ಲ ಎಂದೆ. ಅವೂ ಇದ್ದವಂತೆ. ಏಳೂವರೆ ನೂರು ವರ್ಷದ ಹಿಂದೆ ಬಿಳಿ ಬಟ್ಟೆಯ ಸನ್ಯಾಸಿಗಳು ಈ ಜವುಗಿಗೆ ಬಂದರು. ಕಲ್ಲು ಸಿಗದ ನಾಡು. ಮಣ್ಣು ತುಳಿದು ಇಟ್ಟಿಗೆ ಸುಟ್ಟರು. ಸಮುದ್ರದ ಚಿಪ್ಪು ಸುಟ್ಟು ಸುಣ್ಣ ಮಾಡಿದರು. ನಮ್ಮ ಕರಾವಳಿಯವರ ಹಾಗೇ! ಒಂದೊಂದು ಇಟ್ಟಿಗೆ ನಮ್ಮ ಮೂರು ಇಟ್ಟಿಗೆಯಷ್ಟಿದೆ. ಒಂದರ ಮೇಲೆ ನಾಯಿಯ ಹೆಜ್ಜೆ ಮೂಡಿದೆ, ಹಸಿಯಿದ್ದಾಗ ಓಡಿಹೋದದ್ದು. ಆ ನಾಯಿಗೆ ಬೈದ ಕೂಲಿಯವನ ದನಿ ನನ್ನ ಕಿವಿಗೆ ಬಿದ್ದಂತಾಯಿತು.

ಇನ್ನೂರೈವತ್ತು ವರ್ಷದ ಮೇಲೆ ಚಿತ್ರ, ವಿಗ್ರಹ ಬೇಡವೆನ್ನುವ ರಿಫಾರ್ಮ್ಡ್ ಪಂಥ ಬಂತು. ಇಲ್ಲಿನ ದೊರೆ ಸನ್ಯಾಸಿಗಳನ್ನು ಕಳಿಸಿಬಿಟ್ಟ. ಗಂಟೆಗಳನ್ನು ಕರಗಿಸಿ ಫಿರಂಗಿ ಮಾಡಿದ. ಮಠವನ್ನು ಕೆಡವಿ ಇಟ್ಟಿಗೆ ಹೊತ್ತರು. ಒಂದಿಷ್ಟು ಸಮುದ್ರದ ಒಡ್ಡಿಗೆ, ಒಂದಿಷ್ಟು ದನದ ಕೊಟ್ಟಿಗೆಗೆ, ಮಿಕ್ಕಿದ್ದು ಸುತ್ತಲ ಮೂರು ಊರಿನ ಹೊಸ ಚರ್ಚುಗಳಿಗೆ. ಮಠದ ಮೈಯಲ್ಲಿ ಉಳಿದದ್ದು ಈ ಒಂದು ಅಂಗ. ಅದರ ಗೋಡೆಯ ಚಿತ್ರಗಳು ಕಾಣಬಾರದೆಂದು ಗಾರೆ ಹಚ್ಚಿ ಸುಣ್ಣ ಬಳಿದರು. ಹಚ್ಚುವ ಮೊದಲು ಹಿಡಿತ ಬರಲೆಂದು ಚಿತ್ರದ ಮೇಲೆಲ್ಲ ಕೊಡಲಿಯಿಂದ ಕೊಚ್ಚಿದರು.

"ಸರಿಯಾಗೇ ಮಾಡಿದಾರೆ. ಕೊಚ್ಚದೆ ಗಾರೆ ಎಲ್ಲಿ ಹಿಡಿಯುತ್ತೆ?"

"ಆ ಒಂದೊಂದು ಏಟೂ ನಮಗೆ ಗಾಯ ಮಾಮು. ಒಂದೊಂದನ್ನೂ ತುಂಬಬೇಕು."

ಮೇಸ್ತ್ರಿಗಳ ಪರವಾಗಿ ನಾನು ಅರ್ಧ ಗಂಟೆ ವಾದ ಮಾಡಿದೆ. ಗೆದ್ದದ್ದು ನಾನೇ. ಅವಳು ಫೈಲು ಮುಚ್ಚಿ ಮಲಗಲು ಹೋದಳು.

೯ ಫೆಬ್ರವರಿ, ಶುಕ್ರವಾರ

ಚರ್ಚಿನ ಉತ್ತರದ ಗೋಡೆಯಲ್ಲಿ ಒಂದು ಕಡೆ ಗಾರೆ ಟೊಳ್ಳಾಗಿದೆ. ಫರ್ಹಾನಾ ಅದಕ್ಕೆ ಸಿರಿಂಜಿನಿಂದ ಸುಣ್ಣದ ನೀರು ಚುಚ್ಚುತ್ತಾಳೆ. ದಿನಕ್ಕೆ ಒಂದು ಅಂಗೈ ಅಗಲ. "ಗೋಡೆ ಏನು ಆಸ್ಪತ್ರೆಗೆ ಸೇರಿದೆಯಾ? ಬಡಿದು ಉದುರಿಸು, ಹೊಸದು ಹಚ್ಚು, ಸಂಜೆಗೆ ಮನೆಗೆ ಬಾ" ಎಂದೆ. ಫೋಲ್ಕರ್ಟ್ಸ್ ಫೋನಿನಲ್ಲಿ ಕೇಳಿಸಿಕೊಂಡು ಕೆಮ್ಮುವಷ್ಟು ನಕ್ಕ. ಅವಳು ನಗಲಿಲ್ಲ.

ಮನೆಗೆ ಬಂದಾಗ ಹೇಳಿದಳು. ಚರ್ಚಿಗೆ ಈಗ ಉಳಿದಿರುವ ಸದಸ್ಯರು ಮೂವತ್ತೆಂಟು ಜನ. ಮುಚ್ಚುವ ಮಾತು ನಡೆದಿದೆ. ಗಾರೆಯ ಕೆಳಗೆ ಒಳ್ಳೆಯ ಚಿತ್ರ ಸಿಕ್ಕರೆ ಸರ್ಕಾರ ಉಳಿಸಿಕೊಳ್ಳುತ್ತದೆ. ಆಗ ಕೆಲಸ ಮುಂದೆ ನಾಲ್ಕು ವರ್ಷ, ಅವಳೂ ಖಾಯಂ. ಮಾರ್ಚ್ ೨೬ಕ್ಕೆ ನೋಡಲು ಬರುತ್ತಾರೆ. ಅದೇ ತಿಂಗಳ ಕೊನೆಗೆ ಅವಳ ಆರು ತಿಂಗಳ ಪ್ರೋಬೆಟ್ಸೈಟ್ ಮುಗಿಯುತ್ತದೆ. ಪರೀಕ್ಷೆಯ ಅವಧಿಯಂತೆ ಅದು.

"ಅವರಿಗೆ ಇಷ್ಟ ಆಗ್ಲಿಲ್ಲ ಅಂದ್ರೆ?"

"ಕೆಲಸ ಹೋಗುತ್ತೆ. ವೀಸಾ ಕೆಲಸದ ಜೊತೆ ಕಟ್ಟಿದೆ ಮಾಮು. ಬೇರೇದು ಮೂರು ತಿಂಗಳಲ್ಲಿ ಹುಡುಕ್ಬೇಕು."

"ನಾನಿದೀನಿ" ಎಂದೆ.

"ಅಮ್ಮನ್ನೂ ಬಿಟ್ಟು ಇದನ್ನೇ ಹಿಡ್ಕೊಂಡಿದೀನಿ" ಎಂದಳು. ಆಮೇಲೆ ತಟ್ಟೆ ತೊಳೆದಳು.

೧೫ ಫೆಬ್ರವರಿ, ಗುರುವಾರ

ಇವತ್ತಿನದನ್ನು ಪೂರ್ತಿಯಾಗಿ ಬರೆಯುತ್ತೇನೆ. ಮುಂದೆ ಯಾರಾದರೂ ರಶೀದ್ ಮೇಸ್ತ್ರಿ ಜರ್ಮನಿಯಲ್ಲಿ ಏನು ಮಾಡಿದ ಎಂದು ಕೇಳಿದರೆ ಉತ್ತರ ಇಲ್ಲಿರಲಿ.

ಫರ್ಹಾನಾ ಪಾಸ್‌ಪೋರ್ಟ್ ಕೆಲಸಕ್ಕೆ ಬೆಳಗ್ಗೆ ಐದರ ರೈಲಿಗೆ ಹ್ಯಾಂಬರ್ಗಿಗೆ ಹೋದಳು. ನಾನು ಹತ್ತು ಗಂಟೆಗೆ ಚರ್ಚಿಗೆ ಹೋದೆ. ಫೋಲ್ಕರ್ಟ್ಸ್ ಬಾಗಿಲು ತೆರೆದು, ನನ್ನನ್ನು ಒಳಗೆ ಬಿಟ್ಟು, ಗಡಿಯಾರಕ್ಕೆ ಕೀಲಿ ಕೊಡಲು ಗೋಪುರ ಹತ್ತಿದ. ಅವಳು ನಿಂತು ಕೆಲಸ ಮಾಡುವ ಅಟ್ಟಣಿಗೆ ಉತ್ತರದ ಗೋಡೆಗೆ ನಿಂತೇ ಇತ್ತು. ಹತ್ತಿದೆ. ಟೊಳ್ಳಿರುವ ಕಡೆ ಒಂದು ತುಂಡು ತಾನಾಗಿ ಬಿತ್ತು. ನಾನು ಮುಟ್ಟಿದ್ದಷ್ಟೇ. ಎರಡು ಅಂಗೈ ಅಗಲ.

ಕೆಳಗೆ ನೋಡಿದರೆ ಪುಡಿಪುಡಿ. ಅವಳು ಬಂದು ನೋಡಿದರೆ ಎದೆ ಒಡೆದುಕೊಳ್ಳುತ್ತಾಳೆ. ಮಾರ್ಚ್ ೨೬ರವರು ನೋಡಿದರೆ ಕೆಲಸ ಹೋಗುತ್ತದೆ. ಮಾವ ಎಂದು ಇನ್ಯಾಕಿದ್ದೇನೆ? ಕಟ್ಟಿಬಿಡೋಣ ಎಂದುಕೊಂಡೆ.

ಮನೆ ಐದು ನಿಮಿಷದ ದಾರಿ. ಬೆಲ್ಲ ಕರಗಿಸಿದೆ. ಅಳಲೆಕಾಯಿಯನ್ನು ವಾರ ನೆನೆಸಬೇಕು, ಇಲ್ಲಿ ವಾರ ಯಾರು ಕೊಡುತ್ತಾರೆ, ಕುದಿಸಿದೆ. ನಾಲ್ಕು ಮೊಟ್ಟೆಯ ಬಿಳಿ. ಅವಳ ಬಕೆಟ್ಟಿನಲ್ಲಿ ಸುಣ್ಣ ಬೆಣ್ಣೆಯ ಹಾಗಿತ್ತು. ಅದಕ್ಕೆ ಇವನ್ನೆಲ್ಲ ಬೆರೆಸಿ ಮರದ ಹಲಗೆಯ ಮೇಲೆ ಅರೆದೆ. ಅಪ್ಪನ ಗಾರೆ. ಶಿರಾದ ಕೋಟೆ ಬಾವಿಯೊಳಗೆ ಅದು ಇವತ್ತೂ ಹನಿ ನೀರು ಬಿಡುವುದಿಲ್ಲ. ಆಮೇಲೆ ಅವಳ ಪುಟ್ಟ ಸುತ್ತಿಗೆಯ ಚೂಪು ತುದಿಯಿಂದ ಗೋಡೆಯನ್ನು ಕೊಚ್ಚಿದೆ, ಬಿದ್ದ ಜಾಗವನ್ನೂ ಸುತ್ತಮುತ್ತ ಒಂದು ಗೇಣನ್ನೂ. ಚಿತ್ರವೇನೂ ಕಾಣಲಿಲ್ಲ. ಮಬ್ಬು ಬಿಳುಪಷ್ಟೇ. ಹಚ್ಚಿದೆ, ಉಜ್ಜಿದೆ, ಕನ್ನಡಿಯ ಹಾಗೆ ಮಾಡಿದೆ. ಮೇಲೆ ಸುಣ್ಣ ಬಳಿದೆ. ಪುಡಿ ಗುಡಿಸಿದೆ. ಕೀಲಿ ಕೊಟ್ಟು ಮನೆಗೆ ಹೋಗಿದ್ದ ಫೋಲ್ಕರ್ಟ್ಸ್ ಮಧ್ಯಾಹ್ನ ಬೀಗ ಹಾಕಲು ಬಂದವನು ನೋಡಿ ಏನೋ ಕೇಳಿದ. ಬಾಯಿಗೆ ಬೆರಳಿಟ್ಟು ತೋರಿಸಿದೆ. ಅವನೂ ಬಾಯಿಗೆ ಬೆರಳಿಟ್ಟ.

ಮೂಲೆಯಲ್ಲಿ ಹೆಸರು ಗೀಚಲು ಕೈ ತುರಿಸಿತು. ಬಿಟ್ಟೆ. ಫೋಟೋ ತೆಗೆದು ಮುನಿಸ್ವಾಮಿಗೆ ಕಳಿಸಿದೆ, ಇಡೀ ಚರ್ಚು ನನ್ನ ಕೈಗೆ ಕೊಟ್ಟಿದ್ದಾರೆ ಎಂದು ಬರೆದು.

ಫರ್ಹಾನಾ ಸಂಜೆ ಸುಸ್ತಾಗಿ ಬಂದಳು. "ಬೋರ್ ಆಯ್ತಾ ಮಾಮು?" ಎಂದಳು. ಇಲ್ಲ ಎಂದೆ.

೨೫ ಫೆಬ್ರವರಿ, ಭಾನುವಾರ

ಪ್ರಾರ್ಥನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹತ್ತೊಂಬತ್ತು ಜನ. ಹಾಡುವಾಗ ಎಲ್ಲರೂ ಕೂತೇ ಹಾಡುತ್ತಾರೆ, ನಿಧಾನವಾಗಿ, ಒಡ್ಡಿನ ಮೇಲೆ ಹೊರೆ ಹೊತ್ತು ನಡೆಯುವವರ ಹಾಗೆ. ನಾನು ಗೋಡೆ ನೋಡುತ್ತಿದ್ದೆ. ಫರ್ಹಾನಾ ಈಗ ಪೂರ್ವದ ಮೂಲೆಯಲ್ಲಿದ್ದಾಳೆ, ಅಟ್ಟಣಿಗೆಯೂ ಅತ್ತ ಹೋಗಿದೆ. ಅವಳಿಗೆ ಗೊತ್ತೇ ಆಗಿಲ್ಲ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಒಂದು ಕಡೆ ಸ್ವಲ್ಪ ಹಳದಿ ಕಂಡಿತು. ಇಲ್ಲಿನ ಬೆಳಕೇ ಹಾಗೆ.

೫ ಮಾರ್ಚ್, ಮಂಗಳವಾರ

ಹಳದಿಯಲ್ಲ. ಕಂದು. ನಮ್ಮೂರಿನಲ್ಲಿ ಎರಡು ದಿನದ ಬಿಸಿಲಿಗೆ ಒಣಗುವುದು ಇಲ್ಲಿ ಹತ್ತೊಂಬತ್ತು ದಿನಕ್ಕೂ ಒಣಗಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಸುಣ್ಣ ಇವರದು, ಅದರದ್ದೇ ದೋಷ. ಬೇಸಿಗೆ ಬಂದರೆ ಸರಿಹೋಗುತ್ತದೆ.

೮ ಮಾರ್ಚ್, ಶುಕ್ರವಾರ

ಕಂದು ಕಣ್ಣೀರಿನ ಹಾಗೆ ಕೆಳಗಿಳಿಯುತ್ತಿದೆ. ಮೇಲೆ ಕಪ್ಪು ಬೂಸ್ಟು, ಬೆಕ್ಕಿನ ಮರಿಯ ತುಪ್ಪಟದ ಹಾಗೆ. ಫೋಲ್ಕರ್ಟ್ಸ್ ನನ್ನನ್ನು ಕಂಡು ಮುಖ ತಿರುಗಿಸಿದ. ಒಂದು ಬಟ್ಟೆ ಒದ್ದೆ ಮಾಡಿ ಒರೆಸಿದೆ, ಏಣಿಯ ಮೇಲೆ ನಿಂತು. ಇನ್ನೂ ಹರಡಿತು.

೧೨ ಮಾರ್ಚ್, ಮಂಗಳವಾರ

ಇವತ್ತು ಮೊದಲ ರೋಜಾ. ಅವಳು ನೋಡಿದಳು.

೧೩ ಮಾರ್ಚ್, ಬುಧವಾರ

ನಿನ್ನೆ ಸಂಜೆ ಬಂದವಳು ಖರ್ಜೂರ ತಿಂದು ನೀರು ಕುಡಿದಳು. ಆಮೇಲೆ ಎದ್ದು ಅಡುಗೆಮನೆಯ ಬೆಲ್ಲದ ಡಬ್ಬಿ ತೆರೆದಳು. ಒಂದೇ ಅಚ್ಚಿತ್ತು. ಮುಚ್ಚಿದಳು. ಅಳಲೆಕಾಯಿಯ ಡಬ್ಬಿ ತೆರೆದಳು. ಮುಚ್ಚಿದಳು.

"ಫರ್ಹಾನಾ, ಕೇಳು ಇಲ್ಲಿ."

"ಸಕ್ಕರೆ ಮಾಮು. ಇಲ್ಲಿ ಬಿಸಿಲಿಲ್ಲ. ಸಕ್ಕರೆ ನೀರನ್ನ ಬಿಡಲ್ಲ. ಬೂಸ್ಟಿಗೆ ಊಟ ಹಾಕಿದಂಗೆ."

ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ.

೧೫ ಮಾರ್ಚ್, ಶುಕ್ರವಾರ

ಅವಳ ಮೇಲಧಿಕಾರಿ ಫ್ರಾವ್, ಎಂದರೆ ಶ್ರೀಮತಿ, ಹಾರ್ಮ್ಸ್ ಬಂದಿದ್ದಳಂತೆ. ನನ್ನ ಗಾರೆಯನ್ನು ಕಿತ್ತರು. ಕೆಳಗೆ ಹೊಸ ಏಟುಗಳು ಸಿಕ್ಕವು. ಐನೂರು ವರ್ಷದ ಹಳೆಯ ಏಟುಗಳ ಒಳಗೆ ಸುಣ್ಣ ತುಂಬಿರುತ್ತದೆ, ಹೊಸವು ಹಸಿಯಾಗಿ ಬಾಯಿ ತೆರೆದಿರುತ್ತವೆ. ಫರ್ಹಾನಾ ಎಣಿಸಿದಳಂತೆ. ನಲವತ್ತಮೂರು.

ಬೆಲ್ಲ ಎಲ್ಲ ಕಡೆಗೂ ಇಳಿದಿದೆ. ಅವಳು ಸಿರಿಂಜಿನಿಂದ ಉಳಿಸಿಕೊಂಡಿದ್ದ ಭಾಗಕ್ಕೂ.

೨೦ ಮಾರ್ಚ್, ಬುಧವಾರ

ಬೆಳಗ್ಗೆ ಒಡ್ಡಿನ ಕಡೆ ನಡೆಯಲು ಹೋಗಿದ್ದೆ. ಫೋಲ್ಕರ್ಟ್ಸ್ ಬೆಂಚಿನಲ್ಲಿ ಕೂತಿದ್ದ. ಫೋನು ತೆಗೆದು ಬಹಳ ಹೊತ್ತು ಮಾತಾಡಿದ. ಹೆಂಗಸು ಹೇಳಿದಳು: "ನಿಮ್ಮ ಸೊಸೆ ಎಲ್ಲವನ್ನೂ ತಾನೇ ಮಾಡಿದೆ ಎಂದು ಹೇಳಿದ್ದಾಳೆ. ತುಂಡು ಬಿತ್ತು, ಭಯದಿಂದ ತುರ್ತು ದುರಸ್ತಿ ಮಾಡಿದೆ ಎಂದಳು. ನಿಮ್ಮ ಹೆಸರನ್ನೂ ನನ್ನ ಹೆಸರನ್ನೂ ಹೇಳಲಿಲ್ಲ. ನಾನೂ ಸುಮ್ಮನಿದ್ದೆ. ನನಗೆ ನಾಚಿಕೆಯಾಗಿದೆ."

ಹೆಂಗಸಿನ ದನಿಯಲ್ಲಿ ನಾಚಿಕೆಯಿರಲಿಲ್ಲ, ರೈಲಿನ ಹೊತ್ತು ಹೇಳುವವಳ ಹಾಗೆ ಹೇಳಿದಳು. ಮುದುಕನ ಮುಖದಲ್ಲಿತ್ತು.

ಸಂಜೆ ಮುನಿಸ್ವಾಮಿಯ ಫೋನು.

"ಏನ್ ಸಾಬ್ರೆ, ಜರ್ಮನಿ ಚರ್ಚ್ ಎಷ್ಟಕ್ಕೆ ಬಂತು? ನಿಮ್ಮ ಫೋಟೋ ದೇವೀರಮ್ಮನ ಹೋಟ್ಲಲ್ಲಿ ಎಲ್ರೂ ನೋಡವ್ರೆ. ಪಂಚಾಯ್ತಿ ಉದಯಕುಮಾರ ಸನ್ಮಾನ ಮಾಡ್ಬೇಕು ಅಂತವ್ನೆ!"

"ಉಪವಾಸ ಕಣೋ. ಆಮೇಲೆ ಮಾತಾಡ್ತೀನಿ" ಎಂದು ಇಟ್ಟೆ.

ಇನ್ನೊಂದು ವಿಷಯ. ಆ ದಿನ ಗಾರೆ ತಾನಾಗಿ ಬಿತ್ತು ಎಂದು ಮೇಲೆ ಬರೆದಿದ್ದೇನೆ. ನಾನು ಗೆಣ್ಣಿನಿಂದ ಬಡಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಸಿರಿಂಜಿನ ಕೆಲಸ ಎಷ್ಟು ನಿಲ್ಲುತ್ತದೆ ನೋಡೋಣ ಎಂದು.

೨೬ ಮಾರ್ಚ್, ಮಂಗಳವಾರ

ಬೇಡವೆಂದರೂ ಹೋದೆ. ಅವಳು ಹೋದ ಅರ್ಧ ಗಂಟೆಯ ಮೇಲೆ ಜುಬ್ಬಾ ಹಾಕಿಕೊಂಡು ಹೋದೆ. ಸರ್ಕಾರದ ಕಚೇರಿಯಿಂದ ಇಬ್ಬರು, ಪಾಸ್ಟರು, ಫ್ರಾವ್ ಹಾರ್ಮ್ಸ್, ಬಾಗಿಲ ಬಳಿ ಫೋಲ್ಕರ್ಟ್ಸ್. ಗೋಡೆಯ ಮೇಲೆ ಎರಡು ದೀಪ ಬಿಟ್ಟಿದ್ದರು. ಕಂದು ಕಲೆ ಆ ಬೆಳಕಿನಲ್ಲಿ ಹಳೆಯ ರಕ್ತದ ಹಾಗಿತ್ತು.

"ಮಾಮು, ಮನೆಗೆ ಹೋಗಿ. ಪ್ಲೀಸ್."

"ನಾನು ಹೇಳೋದನ್ನ ಅವರಿಗೆ ಹೇಳು. ಅಷ್ಟೇ. ಆಮೇಲೆ ಹೋಗ್ತೀನಿ."

ಹೇಳಿದೆ. ಮೂರು ದಿನದಿಂದ ಮನಸ್ಸಿನಲ್ಲೇ ತಿದ್ದಿದ್ದೆ. ಅವಳಿಗೆ ತಿಳಿಯದೆ ಒಳಗೆ ಬಂದದ್ದು, ಬಡಿದದ್ದು, ಕೊಚ್ಚಿದ್ದು, ಬೆಲ್ಲ, ಅಳಲೆಕಾಯಿ, ಮೊಟ್ಟೆ, ಒಂದನ್ನೂ ಬಿಡಲಿಲ್ಲ. ಈ ಹುಡುಗಿ ಅವತ್ತು ಹ್ಯಾಂಬರ್ಗಿನಲ್ಲಿದ್ದಳು ಎಂದೆ.

ಫರ್ಹಾನಾ ಅವರ ಕಡೆ ತಿರುಗಿ ಒಂದು ಸಾಲು ಹೇಳಿದಳು. ಒಂದೇ. ಫ್ರಾವ್ ಹಾರ್ಮ್ಸ್ ನನ್ನನ್ನು ನೋಡಿ ತಲೆಯಾಡಿಸಿದಳು, ಸಾವಿನ ಮನೆಯಲ್ಲಿ ಆಡಿಸುವ ಹಾಗೆ.

"ಏನಂದೆ ನೀನು?"

"ನೀವು ಹೇಳಿದ್ದೇ."

"ನಾನು ಹೇಳಿದ್ದು ಇಷ್ಟುದ್ದ. ಏನಂದೆ ಹೇಳು."

"ನನ್ನ ಮಾಮು, ತಂಗಿ ತೀರ್ಕೊಂಡಿದಾರೆ, ಮನಸ್ಸು ಸರಿಯಿಲ್ಲ, ಕ್ಷಮಿಸಿ ಅಂದೆ. ಈಗ ಹೋಗಿ ಮಾಮು."

ಹೋಗಲು ತಿರುಗಿದೆ. ತಿರುಗುವಾಗ ದೀಪದ ಬೆಳಕಿನಲ್ಲಿ ಗೋಡೆ ಕಂಡಿತು. ಕಿತ್ತ ಮೇಲೆ ನಾನು ಅದನ್ನು ನೋಡಿರಲಿಲ್ಲ. ಹಳೆಯ ಏಟುಗಳೆಲ್ಲ ಬಲದಿಂದ ಎಡಕ್ಕೆ ಓರೆಯಾಗಿ ಇಳಿದಿವೆ. ಬಲಗೈಯವರ ಏಟು. ಅವುಗಳ ನಡುವೆ ನಲವತ್ತಮೂರು ಮಾತ್ರ ಎಡದಿಂದ ಬಲಕ್ಕೆ.

ಗಾರೆ ಕೀಳಲು ಮತ್ತೆ ಇತ್ತ ತಂದಿದ್ದ ಅಟ್ಟಣಿಗೆ ಹತ್ತಿದೆ. ಯಾರೋ ಕೂಗಿದರು. ಹಲಗೆಯ ಮೇಲೆ ಅದೇ ಪುಟ್ಟ ಸುತ್ತಿಗೆಯಿತ್ತು. ತೆಗೆದುಕೊಂಡೆ, ಎಡಗೈಯಲ್ಲಿ. ಗೋಡೆಗೆ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ಹೊಡೆದೆ. ಒಂದು, ಎರಡು, ಮೂರು. ಒಂದೊಂದು ಗಾಯದ ಮುಂದೆಯೂ ಸುತ್ತಿಗೆಯ ತುದಿ ಹಿಡಿದು ತೋರಿಸಿದೆ.

ಫ್ರಾವ್ ಹಾರ್ಮ್ಸ್ ಮೇಲೆ ಬಂದಳು. ಹಳೆಯ ಏಟು ನೋಡಿದಳು, ಹೊಸದನ್ನು ನೋಡಿದಳು, ನನ್ನ ಕೈ ನೋಡಿದಳು. ಸುತ್ತಿಗೆಯನ್ನು ನನ್ನಿಂದ ತೆಗೆದು ಕೆಳಗಿದ್ದ ಫರ್ಹಾನಾಳಿಗೆ ಚಾಚಿದಳು. ಫರ್ಹಾನಾ ಸ್ವಲ್ಪ ಹೊತ್ತು ಕೈ ಚಾಚಲಿಲ್ಲ. ಆಮೇಲೆ ಬಲಗೈ ಚಾಚಿದಳು.

ಬಾಗಿಲ ಬಳಿಯಿಂದ ಫೋಲ್ಕರ್ಟ್ಸ್ ಏನೋ ಹೇಳಿದ. ಜೇಬಿನಿಂದ ಚರ್ಚಿನ ಕೀಲಿ ತೆಗೆದು ಪಾಸ್ಟರಿನ ಮುಂದೆ ಹಿಡಿದ.

ಗೆದ್ದೆ ಎಂದುಕೊಂಡೆ.

೨೯ ಮಾರ್ಚ್, ಶುಕ್ರವಾರ

ಗುಡ್ ಫ್ರೈಡೆ. ಗಡಿಯಾರ ನಿಂತಿದೆ. ಬುಧವಾರದಿಂದ ಎರಡೂ ಮುಳ್ಳು ಹತ್ತೂ ಇಪ್ಪತ್ತರಲ್ಲಿವೆ. ಫೋಲ್ಕರ್ಟ್ಸ್ ಕೆಲಸ ಬಿಟ್ಟ ಮೇಲೆ ಕೀಲಿ ಕೊಡಲು ಯಾರೂ ಇಲ್ಲ.

ಫರ್ಹಾನಾಳಿಗೆ ಕಾಗದ ಬಂದಿದೆ. ಪ್ರೋಬೆಟ್ಸೈಟ್ ಆದಮೇಲೆ ಮುಂದುವರಿಸುವುದಿಲ್ಲ. ಏಪ್ರಿಲ್ ಕೊನೆಯವರೆಗೆ ವರದಿ ಬರೆದು ಮುಗಿಸಬೇಕು.

"ಯಾಕೆ? ನಾನೇ ಅಂತ ಗೊತ್ತಾಯ್ತಲ್ಲ?"

"ತಪ್ಪು ಕೆಲಸ ಮಾಡಿದಾಳೆ ಅಂತ ಇತ್ತು ಮಾಮು. ಅದಕ್ಕೆ ವಾರ್ನಿಂಗ್ ಕೊಟ್ಟು ಬಿಡ್ತಿದ್ರೋ ಏನೋ. ಫ್ರಾವ್ ಹಾರ್ಮ್ಸ್ ನನ್ನ ಪರ ಇದ್ರು. ಈಗ ಎರಡು ವಾರ ಅವರ ಮುಖಕ್ಕೆ ಸುಳ್ಳು ಹೇಳಿದೆ ಅಂತಾಯ್ತು. ನಂಬಿಕೆ ಇಲ್ಲ ಅಂತ ಬರೆದಿದಾರೆ."

"ನಾನು ನಿನ್ನ ಉಳಿಸೋಣ ಅಂತ..."

"ಗೊತ್ತು. ಎರಡೂ ಸಲ."

೩ ಏಪ್ರಿಲ್, ಬುಧವಾರ

ಬೂಸ್ಟು ತೆಗೆಯಲು ಅವಳು ದಿನಾ ಹೋಗುತ್ತಾಳೆ. ನಾನು ಅಡುಗೆ ಮಾಡಿಡುತ್ತೇನೆ. ಇವತ್ತು ಉಪ್ಪು ಜಾಸ್ತಿಯಾಯಿತು. ತಿಂದಳು.

೧೦ ಏಪ್ರಿಲ್, ಬುಧವಾರ

ಈದ್. ಇಬ್ಬರೇ ನಮಾಜು ಮಾಡಿದೆವು. ಮಿಕ್ಕ ಒಂದು ಅಚ್ಚು ಬೆಲ್ಲದಿಂದ ಶ್ಯಾವಿಗೆ ಪಾಯಸ ಮಾಡಲು ಹೋದೆ, ಕೈ ಬರಲಿಲ್ಲ. ಸಕ್ಕರೆ ಹಾಕಿದೆ.

ಮಧ್ಯಾಹ್ನ ಕಂಪ್ಯೂಟರ್ ತೆರೆದು ನನ್ನನ್ನು ಕರೆದಳು. ಯಾವುದೋ ಬೆಳಕಿನಲ್ಲಿ ಗೋಡೆಯ ಫೋಟೋ ತೆಗೆದರೆ ಕಣ್ಣಿಗೆ ಕಾಣದ ಚಿತ್ರ ಕಾಣುತ್ತದಂತೆ. ನಾನು ಕೊಚ್ಚಿದ ಜಾಗದ್ದು. ಮಠ ಕಟ್ಟುತ್ತಿರುವ ಚಿತ್ರ. ಒಬ್ಬ ಇಟ್ಟಿಗೆ ಹೊರುತ್ತಿದ್ದಾನೆ. ಒಬ್ಬ ಏಣಿಯ ಮೇಲಿದ್ದಾನೆ. ಕೆಳಗೆ ಒಬ್ಬ ಗಾರೆ ಕಲಸುತ್ತಿದ್ದಾನೆ. ಉದ್ದ ಹಿಡಿಯ ಸಲಿಕೆ, ಬಾಗಿದ ಬೆನ್ನು, ಬರಿಗಾಲು ಸುಣ್ಣದಿಂದ ದೂರ ಇಟ್ಟಿದ್ದಾನೆ. ಕಾಲು ಹಾಗಿಡಬೇಕೆಂದು ಕಲಸಿದವನಿಗೇ ಗೊತ್ತಿರುತ್ತದೆ. ಬರೆದವನು ಯಾರೋ ನಿಂತು ನೋಡಿ ಬರೆದಿದ್ದಾನೆ.

ಹೆಗಲಿನವರೆಗೆ ಇದ್ದಾನೆ. ಅದರ ಮೇಲೆ ಹೊಂಡಗಳು.

"ಹಳೇ ಏಟು ಅವನ ಮುಖಕ್ಕೆ ಬಿದ್ದಿರಲಿಲ್ಲ" ಎಂದಳು. ಬೈಯುವುದಕ್ಕೆ ಹೇಳಿದ್ದಲ್ಲ. ವರದಿಗೆ ಬರೆದುಕೊಳ್ಳುತ್ತಾ ಹೇಳಿದಳು.

ಸಂಜೆ ಬೀರುವಿನಿಂದ ಅವಳಮ್ಮನ ಶಾಲು ತೆಗೆದು ಕವರು ಬಿಚ್ಚಿದಳು. ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ನಾನು ಹೊರಗೆ ಹೋಗಿ ನಿಂತೆ. ಗಾಳಿಯಿತ್ತು.

೧೪ ಏಪ್ರಿಲ್, ಭಾನುವಾರ

ನಾಳೆ ವಿಮಾನ. ಚರ್ಚನ್ನು ಜೂನ್ ಕೊನೆಗೆ ಮುಚ್ಚುವುದೆಂದು ಇವತ್ತು ಪ್ರಾರ್ಥನೆಯ ಮೇಲೆ ತೀರ್ಮಾನವಾಯಿತಂತೆ. ಚಿತ್ರದವನಿಗೆ ಮುಖವಿದ್ದಿದ್ದರೆ ಬೇರೆ ಆಗುತ್ತಿತ್ತೋ ಇಲ್ಲವೋ ಫರ್ಹಾನಾ ಹೇಳುವುದಿಲ್ಲ. ಡ್ಯೂಸೆಲ್ಡಾರ್ಫ್‌ನ ಒಂದು ಕಡೆ ಅರ್ಜಿ ಹಾಕಿದ್ದಾಳೆ. ಮ್ಯೂಸಿಯಂ ಅಲ್ಲ, ಚರ್ಚೂ ಅಲ್ಲ, ಕಚೇರಿಗಳಿಗೆ ಬಣ್ಣ ಬಳಿಸುವವರು.

ಬೆಳಗ್ಗೆ ಫೋಲ್ಕರ್ಟ್ಸ್ ಮನೆಗೆ ಹೋಗಿದ್ದೆ. ಫೋನು ತೆಗೆಯಲಿಲ್ಲ. ಟೀ ಕೊಟ್ಟ. ಇಬ್ಬರೂ ಕಿಟಕಿಯಿಂದ ಗೋಪುರ ನೋಡುತ್ತಾ ಕುಡಿದೆವು. ಹತ್ತೂ ಇಪ್ಪತ್ತು.

ಸಂಜೆ ವರದಿಯ ಕೊನೆಯ ಭಾಗವನ್ನು ಫರ್ಹಾನಾ ಓದಿ ಹೇಳಿದಳು. ಕಟ್ಟಡದ ಚರಿತ್ರೆ, ಒಂದೊಂದೇ ಸಾಲು. ಮಠ ಕಟ್ಟಿದ್ದು. ಚಿತ್ರ ಬರೆದದ್ದು. ಮಠ ಕೆಡವಿದ್ದು. ಕೊಚ್ಚಿ ಗಾರೆ ಹಚ್ಚಿದ್ದು, ಯಾರೆಂದು ತಿಳಿದಿಲ್ಲ. ಒಂದು ಪ್ರವಾಹ, ಒಂದು ಯುದ್ಧ, ಒಡೆದ ಕಿಟಕಿ. ಕೊನೆಗೆ, ಎರಡು ಸಾವಿರದ ಇಪ್ಪತ್ತನಾಲ್ಕು, ಫೆಬ್ರವರಿ ಹದಿನೈದು, ಉತ್ತರದ ಗೋಡೆ, ನಲವತ್ತಮೂರು ಏಟು, ಎಡಗೈ, ಸಕ್ಕರೆ ಬೆರೆತ ಸುಣ್ಣದ ಗಾರೆ, ಹೊರಗಿನ ಒಬ್ಬ ವ್ಯಕ್ತಿ.

"ಹೊರಗಿನ ಒಬ್ಬ ವ್ಯಕ್ತಿ ಅಂದ್ರೆ?"

"ಹೆಸರು ಬೇಡ ಅಂದ್ರೆ ಹಾಕ್ಬೇಕಿಲ್ಲ ಅಂದ್ರು ಫ್ರಾವ್ ಹಾರ್ಮ್ಸ್."

"ಇದನ್ನ ಎಷ್ಟು ದಿನ ಇಡ್ತಾರೆ?"

"ಯಾವಾಗ್ಲೂ. ಚರ್ಚ್ ಹೋದ್ರೂ ಇದು ಇರುತ್ತೆ."

"ಹಾಗಾದ್ರೆ ಹೆಸರು ಹಾಕು. ಯಾರೋ ಅಂತ ಬಿಟ್ರೆ ನೂರು ವರ್ಷ ಬಿಟ್ಟು ಓದಿದೋರು ಕೆಳಗಡೆ ನಿನ್ನ ಸಹಿ ನೋಡಿ ನಿಂದೇ ಅಂದ್ಕೊಳ್ತಾರೆ."

ಅವಳು ಟೈಪ್ ಮಾಡಿದಳು. ಮೇಸ್ತ್ರಿ ಎಂದು ಹಾಕಲೇ ಎಂದಳು. ಬೇಡ, ರಶೀದ್ ಎಂದರೆ ಸಾಕು, ಶಿರಾ ತಾಲ್ಲೂಕು ಎಂದೆ.

"ಪೂರ್ತಿ ಹೆಸರು ಬೇಕಾಗುತ್ತೆ ಮಾಮು. ಬಿನ್ ಮೆಹಬೂಬ್ ಸಾಬ್ ಅಂತ..."

ಅಪ್ಪನ ಹೆಸರು ಹಾಕಬೇಡ ಎಂದೆ.